ಬಾಲ್ ಪೈಥಾನ್ ಪೊರೆ ಚೂರುಚೂರಾಗಿ ಬರುತ್ತಿದೆ, ಹಾಸು ಬದಲಿಸಬೇಕೇ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಊರಿನಲ್ಲಿದ್ದೇವೆ. ಎಂಟು ತಿಂಗಳ ಹಿಂದೆ ಮಗಳ 12ನೇ ಹುಟ್ಟುಹಬ್ಬಕ್ಕೆ ಒಂದು ಬಾಲ್ ಪೈಥಾನ್ ಮರಿ ತಂದೆವು. ಅಂಗಡಿಯವರು ಆಸ್ಪೆನ್ ಮರದ ಸಿಪ್ಪೆಯ ಚೀಲ ಕೊಟ್ಟು ಇದನ್ನೇ ಹಾಸಿ ಎಂದರು. ಮೊದಲೆರಡು ಸಲ ಪೊರೆ ಚೆನ್ನಾಗಿಯೇ ಬಂತು. ಚಳಿಗಾಲ ಶುರುವಾದ ಮೇಲೆ ಚೂರುಚೂರಾಗಿ ಬರುತ್ತಿದೆ, ಒಂದು ಕಣ್ಣಿನ ಮೇಲೆ ಇನ್ನೂ ಉಳಿದಂತಿದೆ. ಪರಿಚಯದವರೊಬ್ಬರು ಸೀಡರ್ ಸಿಪ್ಪೆ ಹಾಕಿದರೆ ವಾಸನೆಯೂ ಬರುವುದಿಲ್ಲ ಎಂದರೆಂದು ಒಂದು ಚೀಲ ತಂದಿಟ್ಟಿದ್ದೇವೆ. ತಿಪಟೂರಿನಿಂದ ಬಂದಿರುವ ಅತ್ತೆ ತೆಂಗಿನ ನಾರಿನ ಪುಡಿ ಹಾಕಿ ಅನ್ನುತ್ತಾರೆ. ಒದ್ದೆಯಾದರೆ ಹಾವಿನ ಹೊಟ್ಟೆ ಕೊಳೆಯುತ್ತದೆ ಎಂದು ಓದಿ ಭಯವಾಗಿದೆ. ಜೊತೆಗೆ ಮಗ ತನಗೊಂದು ಕಾರ್ನ್ ಸ್ನೇಕ್ ಬೇಕೆನ್ನುತ್ತಿದ್ದಾನೆ. ಎರಡಕ್ಕೂ ಒಂದೇ ಹಾಸು ನಡೆಯುತ್ತದೆಯೇ?

ಉತ್ತರ: ನಿಮ್ಮ ಅತ್ತೆಯವರು ಹೇಳಿದ್ದು ಸರಿ. ತೆಂಗಿನ ನಾರು ಹಾಕಿ. ಸೀಡರ್ ಚೀಲವನ್ನು ಇವತ್ತೇ ಹಾವಿನ ಕೋಣೆಯಿಂದ ಹೊರಗೆ ಸಾಗಿಸಿ. ಉಳಿದ ಆಸ್ಪೆನ್ ಎಸೆಯಬೇಡಿ, ಮಗನ ಕಾರ್ನ್ ಸ್ನೇಕ್ ಬಂದರೆ ಅದಕ್ಕೆ ಬೇಕಾಗುತ್ತದೆ. ಎರಡಕ್ಕೂ ಒಂದೇ ಹಾಸು ಒಗ್ಗುವುದಿಲ್ಲ.

ಹಾಸಿನ ಮಾತಿಗೆ ಮೊದಲು ಆ ಕಣ್ಣು. ದಯವಿಟ್ಟು ಅದನ್ನು ಉಗುರಿನಿಂದಲೋ ಚಿಮಟಿಗೆಯಿಂದಲೋ ಕೀಳಲು ಹೋಗಬೇಡಿ, ಮಗಳಿಗೂ ಹೇಳಿಡಿ. ಹಾವಿಗೆ ನಮ್ಮಂತೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಕಣ್ಣನ್ನು ಕಾಯುವುದು ಗಾಜಿನಂಥ ಒಂದು ಪಾರದರ್ಶಕ ಹುರುಪೆ. ಪ್ರತಿ ಸಲ ಪೊರೆಯ ಜೊತೆಗೆ ಅದರ ಮೇಲ್ಪದರವೂ ಕಳಚಬೇಕು. ಉಳಿದುಕೊಂಡದ್ದು ಹಳೆಯ ಪದರವೋ ಅಥವಾ ಬರೀ ಸುಕ್ಕೋ ಎಂದು ಮನೆಯಲ್ಲಿ ನೋಡಿ ಹೇಳುವುದು ಕಷ್ಟ. ಸುಕ್ಕನ್ನು ಪೊರೆಯೆಂದುಕೊಂಡು ಎಳೆದರೆ ಹೊಸ ಹುರುಪೆಯೇ ಕಿತ್ತು ಬರುತ್ತದೆ, ಕಣ್ಣು ಹೋಗುತ್ತದೆ. ಹಾಸು ಸರಿಮಾಡಿ ಮುಂದಿನ ಪೊರೆಗೆ ಕಾಯಿರಿ. ಬಹಳ ಸಲ ಹಳೆಯದು ಹೊಸದರ ಜೊತೆಗೇ ಬಂದುಬಿಡುತ್ತದೆ. ಆಗಲೂ ಬಾರದಿದ್ದರೆ, ಅಥವಾ ಕಣ್ಣು ಊದಿಕೊಂಡು ಮಂಜಾಗಿಯೇ ಉಳಿದರೆ, ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಬಾಲದ ತುದಿಯನ್ನೂ ಒಮ್ಮೆ ನೋಡಿ. ಅಲ್ಲಿ ಒಣ ಪೊರೆ ಬಳೆಯಂತೆ ಸುತ್ತಿ ಉಳಿದಿದ್ದರೆ ರಕ್ತ ಹರಿಯುವುದು ನಿಂತು ತುದಿ ಒಣಗಿ ಉದುರಬಹುದು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಿಂಡಿದ ಟವೆಲ್ಲಿನ ಮಡಿಕೆಯೊಳಗೆ ಹಾವನ್ನು ಇಪ್ಪತ್ತು ನಿಮಿಷ ಹರಿದಾಡಲು ಬಿಟ್ಟರೆ ಅದು ತಾನಾಗಿ ಸಡಿಲವಾಗುತ್ತದೆ.

ಇನ್ನು ಹಾಸು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಮಾತನ್ನು ನಮ್ಮ ಊರುಗಳಲ್ಲಿ ಕೇಳದವರಿಲ್ಲ. ನಿಮ್ಮ ಬಾಲ್ ಪೈಥಾನಿನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲದಂಚುಗಳಲ್ಲಿ ಹಗಲೆಲ್ಲ ಇಲಿ ಹೆಗ್ಗಣಗಳು ತೋಡಿ ಬಿಟ್ಟ ಬಿಲದಲ್ಲೋ ಹಳೆಯ ಹುತ್ತದಲ್ಲೋ ಸುರುಳಿ ಸುತ್ತಿ ಕೂತಿದ್ದು, ಕತ್ತಲಾದ ಮೇಲೆ ಹೊರಬರುತ್ತದೆ. ಹೊರಗೆ ಬೇಸಿಗೆ ಎಷ್ಟೇ ಉರಿಯಲಿ, ಹುತ್ತದೊಳಗಿನ ಗಾಳಿ ತಂಪಾಗಿ, ತೇವವಾಗಿ, ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಹುತ್ತದ ಬಾಯಿಗೆ ಅಂಗೈ ಹಿಡಿದು ನೋಡಿದವರಿಗೆ ಆ ತಂಪು ಗೊತ್ತು. ಆದರೆ ಒಳಗೆ ಕೆಸರಿರುವುದಿಲ್ಲ. ತೇವ ಇರುವುದು ಮಣ್ಣಿನ ಆಳದಲ್ಲಿ ಮತ್ತು ಗಾಳಿಯಲ್ಲಿ. ಹಾವಿನ ಹೊಟ್ಟೆ ತಾಗುವ ನೆಲ ಒಣಗಿಯೇ ಇರುತ್ತದೆ. ನೀವು ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಬೇಕಾದದ್ದು ಇದನ್ನೇ.

ಡಲ್ಲಾಸಿನ ಮನೆ ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಹೀಟರ್ ಮನೆಯ ಗಾಳಿಯನ್ನು ಒಣಗಿಸುತ್ತದೆ, ಬೇಸಿಗೆಯಲ್ಲಿ ಎಸಿ ಅದೇ ಕೆಲಸ ಮಾಡುತ್ತದೆ. ಮೇಲೆ ಜಾಲರಿ ಮುಚ್ಚಳದ ಗಾಜಿನ ಪೆಟ್ಟಿಗೆ, ಅದರ ಮೇಲೊಂದು ಬಿಸಿ ದೀಪ, ಕೆಳಗೆ ನೀರನ್ನು ಹಿಡಿದಿಡದ ಆಸ್ಪೆನ್. ಮೊದಲೆರಡು ಪೊರೆ ಸರಿಯಾಗಿ ಬಂದು ಚಳಿಗಾಲದಲ್ಲಿ ಹದಗೆಟ್ಟಿತು ಎಂದಿರಲ್ಲ, ಕಾರಣ ಅಲ್ಲೇ ಇದೆ. ಪೊರೆ ಬಿಡುವ ಮುನ್ನ ಹಾವು ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ತೆಳುವಾಗಿ ದ್ರವ ತುಂಬಿಕೊಳ್ಳುತ್ತದೆ. ಆಗಲೇ ಮೈಬಣ್ಣ ಮಂಕಾಗಿ ಕಣ್ಣು ನೀಲಿ ತಿರುಗುವುದು. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗಿ, ಆಮೇಲೆ ಪೊರೆ ಕಳಚುತ್ತದೆ. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ, ಕಾಲುಚೀಲ ತಿರುವಿ ತೆಗೆದ ಹಾಗೆ, ಒಂದೇ ತುಂಡಾಗಿ. ಹಾವಿನ ಮೈಯಲ್ಲಿ ನೀರು ಕಡಿಮೆಯಿದ್ದು ಸುತ್ತಲ ಗಾಳಿಯೂ ಒಣಗಿದ್ದರೆ ಆ ಎರಡು ಪದರಗಳು ಅಂಟಿಕೊಳ್ಳುತ್ತವೆ, ಪೊರೆ ಹರಿದು ಹರಿದು ಬರುತ್ತದೆ. ಬಾಲ್ ಪೈಥಾನಿಗೆ ಗಾಳಿಯ ಆರ್ದ್ರತೆ ಸಾಮಾನ್ಯ ದಿನಗಳಲ್ಲಿ ಶೇ. 60ರಿಂದ 70, ಕಣ್ಣು ನೀಲಿಯಾದಾಗ ಶೇ. 70ರಿಂದ 80 ಇರಬೇಕು. ಮುಳ್ಳು ತಿರುಗುವ ಅಗ್ಗದ ಮಾಪಕವನ್ನು ನಂಬಬೇಡಿ. ಅಂಕಿ ತೋರಿಸುವ ಡಿಜಿಟಲ್ ಮಾಪಕ ತಂದು, ಪೆಟ್ಟಿಗೆಯ ಮೇಲ್ಭಾಗದಲ್ಲಲ್ಲ, ಹಾವು ಮಲಗುವ ಎತ್ತರದಲ್ಲಿ ಇಡಿ.

ತೆಂಗಿನ ನಾರು ಎಂದಾಗ ಎರಡು ಬೇರೆ ವಸ್ತುಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಕಂದು ಬಣ್ಣದ ಮೆತ್ತನೆಯ ಪುಡಿ. ಹಿಂದೆ ಇದನ್ನು ಕೊಳ್ಳುವವರಿರಲಿಲ್ಲ, ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತಿತ್ತು. ಅದೇ ಪುಡಿಯನ್ನು ಈಗ ಇಟ್ಟಿಗೆಯಂತೆ ಒತ್ತಿ ಭಾರತ, ಶ್ರೀಲಂಕಾಗಳಿಂದ ತೋಟಗಾರಿಕೆಗೆಂದು ಜಗತ್ತಿಗೆಲ್ಲ ಕಳಿಸುತ್ತಾರೆ. ನೀವು ಟೆಕ್ಸಾಸಿನಲ್ಲಿ ಕೊಳ್ಳುವ ಇಟ್ಟಿಗೆಯೂ ಈ ಕಡೆಯದೇ ಇರುವ ಸಾಧ್ಯತೆ ಹೆಚ್ಚು. ಇನ್ನೊಂದು, ಸಿಪ್ಪೆಯನ್ನೇ ಬೆರಳಗಲದ ಚೌಕಗಳಾಗಿ ಕತ್ತರಿಸಿದ ಚೂರು. ಪುಡಿ ತನ್ನ ತೂಕದ ಹಲವು ಪಟ್ಟು ನೀರು ಕುಡಿದು ನಿಧಾನವಾಗಿ ಬಿಟ್ಟುಕೊಡುತ್ತದೆ. ಚೂರು ಅಷ್ಟು ಕುಡಿಯುವುದಿಲ್ಲ, ಆದರೆ ಮೇಲ್ಮೈಯನ್ನು ಒಣಗಿಟ್ಟು ಗಾಳಿಯಾಡಲು ಬಿಡುತ್ತದೆ.

ಬರೀ ಪುಡಿಯನ್ನೇ ಹಾಕಿದರೆ ತೊಂದರೆಯಿದೆ. ಒಣಗಿದಾಗ ಅದು ದೂಳಾಗುತ್ತದೆ. ಬಾಲ್ ಪೈಥಾನಿನ ಮೇಲ್ದುಟಿಯ ಉದ್ದಕ್ಕೂ ಸಣ್ಣ ಗುಳಿಗಳಿರುವುದನ್ನು ಮಗಳು ಗಮನಿಸಿರಬೇಕು. ಕತ್ತಲಲ್ಲಿ ಇಲಿಯ ಮೈಶಾಖವನ್ನು ಹಿಡಿಯುವುದು ಅವೇ. ದೂಳು ಆ ಗುಳಿಗಳಲ್ಲೂ ಮೂಗಿನ ಹೊಳ್ಳೆಯಲ್ಲೂ ಕೂರುತ್ತದೆ. ಹಾವಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವಿನ ವಪೆ ಎಂಬ ಸ್ನಾಯು ಇಲ್ಲ, ಕೆಮ್ಮಿ ಕಫ ಹೊರಹಾಕುವ ಶಕ್ತಿ ಇಲ್ಲ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ. ಹಾಗಾಗಿ ನನ್ನ ಸಲಹೆ ಎರಡು ಪಾಲು ಚೂರು, ಒಂದು ಪಾಲು ಪುಡಿ. ಕೊಳ್ಳುವಾಗ ತೊಳೆದದ್ದು ಎಂದು ಬರೆದಿದೆಯೇ ನೋಡಿ. ಕರಾವಳಿಯ ಸಿಪ್ಪೆಯಲ್ಲಿ, ಉಪ್ಪುನೀರಲ್ಲಿ ನೆನೆಹಾಕಿದ ಸಿಪ್ಪೆಯಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಗೊಬ್ಬರ ಬೆರೆಸಿದ ತೋಟದ ಮಿಶ್ರಣವಂತೂ ಬೇಡವೇ ಬೇಡ.

ಲೆಕ್ಕ ಹೀಗೆ. ನಿಮ್ಮ ಪೆಟ್ಟಿಗೆ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಇದೆ ಎಂದುಕೊಳ್ಳೋಣ. ಏಳೂವರೆ ಸೆಂ.ಮೀ. ದಪ್ಪಕ್ಕೆ ಸುಮಾರು 30 ಲೀಟರ್ ಹಾಸು ಬೇಕು. 650 ಗ್ರಾಂ ತೂಕದ ಒಂದು ಇಟ್ಟಿಗೆ ಬಿಸಿನೀರಲ್ಲಿ ಅರಳಿ ಸುಮಾರು 8 ಲೀಟರ್ ಪುಡಿಯಾಗುತ್ತದೆ. ಅಂದರೆ ಒಂದು ಇಟ್ಟಿಗೆ ಪುಡಿ, ಮೇಲೆ 20 ಲೀಟರಿನಷ್ಟು ಚೂರು, ಸಾಕು. ಅರಳಿದ ಪುಡಿಯನ್ನು ಹಾಗೇ ಸುರಿಯಬೇಡಿ. ಹಿಂಡಿ, ಹರಡಿ, ಅರ್ಧ ದಿನ ಗಾಳಿಗೆ ಬಿಡಿ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹನಿ ಇಳಿಯಬಾರದು. ಕಡುಬಿನ ಹಿಟ್ಟಿನ ಹದ ನೋಡುವ ನಿಮ್ಮ ಅತ್ತೆಯವರ ಕೈಗೆ ಇದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ನೀವು ಭಯಪಟ್ಟ ಹೊಟ್ಟೆಯ ವಿಷಯ ಇಲ್ಲೇ ಬರುತ್ತದೆ. ಆ ಭಯ ಸುಳ್ಳಲ್ಲ. ಹೊಟ್ಟೆಯ ಹುರುಪೆಗಳು ಮೊದಲು ನಸುಗೆಂಪಾಗಿ, ಆಮೇಲೆ ಅಂಚು ಕಂದಾಗಿ, ನೀರುಗುಳ್ಳೆ ಎದ್ದು ಹುಣ್ಣಾಗುವ ರೋಗ ಇದ್ದೇ ಇದೆ. ಆದರೆ ಅದು ಬರುವುದು ಹಾವು ದಿನಗಟ್ಟಲೆ ಒದ್ದೆ ಮತ್ತು ಕೊಳಕಾದ ನೆಲದ ಮೇಲೆ ಮಲಗಿದಾಗ. ತೇವವಾದ ಗಾಳಿಯಿಂದ ಬರುವುದಿಲ್ಲ. ಜನ ಎಡವುವುದು ಸ್ಪ್ರೇ ಬಾಟಲಿಯಲ್ಲಿ. ಆರ್ದ್ರತೆ ಕಡಿಮೆ ಎಂದು ಓದಿ ದಿನಕ್ಕೆ ಮೂರು ಸಲ ಮೇಲಿನಿಂದ ನೀರು ಚಿಮುಕಿಸುತ್ತಾರೆ. ಮೇಲ್ಪದರ ತೊಯ್ದು ಹಾವಿನ ಹೊಟ್ಟೆ ಒದ್ದೆಯಾಗುತ್ತದೆ. ಮೂರು ಗಂಟೆಯಲ್ಲಿ ದೀಪದ ಬಿಸಿಗೆ ಅದೇ ನೀರು ಆರಿ ಗಾಳಿ ಮತ್ತೆ ಒಣಗುತ್ತದೆ. ಹೊಟ್ಟೆಯಲ್ಲಿ ಹುಣ್ಣು, ಬೆನ್ನಿನ ಮೇಲೆ ಹರಿದ ಪೊರೆ, ಎರಡೂ ಒಂದೇ ಹಾವಿನಲ್ಲಿ. ಹೀಗೆ ಬಂದ ಹಾವುಗಳನ್ನು ನೋಡಿದಾಗ ಸಂಕಟವಾಗುತ್ತದೆ, ಏಕೆಂದರೆ ಸಾಕಿದವರು ಅಲಕ್ಷ್ಯ ಮಾಡಿದವರಲ್ಲ, ದಿನಾ ಮೂರು ಹೊತ್ತು ನೆನಪಿಟ್ಟು ನೀರು ಹಾಕಿದವರು.

ನೀವು ಸ್ಪ್ರೇ ಪಕ್ಕಕ್ಕಿಟ್ಟು ಒಂದು ಲೋಟ ಹಿಡಿಯಿರಿ. ಪುಡಿಯನ್ನು ತಳಕ್ಕೆ ಹರಡಿ, ಮೇಲೆ ಚೂರುಗಳನ್ನು ಹಾಸಿ. ವಾರಕ್ಕೊಮ್ಮೆಯೋ, ಮಾಪಕ ಶೇ. 55ಕ್ಕೆ ಇಳಿದಾಗಲೋ, ಪೆಟ್ಟಿಗೆಯ ಮೂಲೆಗಳಲ್ಲಿ ಗಾಜಿಗೆ ತಾಗಿಸಿ ನಿಧಾನವಾಗಿ ಅರ್ಧ ಲೀಟರ್ ನೀರು ಸುರಿಯಿರಿ. ನೀರು ತಳಕ್ಕಿಳಿದು ಪುಡಿಯಲ್ಲಿ ಹರಡಿಕೊಳ್ಳುತ್ತದೆ. ಬಿಸಿಗೆ ಅದು ಆವಿಯಾಗಿ ಮೇಲೇಳುವಾಗ ಗಾಳಿ ತೇವವಾಗುತ್ತದೆ, ಮೇಲಿನ ಚೂರು ಒಣಗಿಯೇ ಇರುತ್ತದೆ. ಮೇಲ್ಪದರವನ್ನು ಅಂಗೈಯಿಂದ ಒತ್ತಿ ನೋಡಿ, ಕೈ ಒದ್ದೆಯಾಗಬಾರದು. ಜಾಲರಿ ಮುಚ್ಚಳದ ಮುಕ್ಕಾಲು ಭಾಗವನ್ನು, ದೀಪದ ಜಾಗ ಬಿಟ್ಟು, ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ. ಪೂರ್ತಿ ಮುಚ್ಚಿದರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಇಷ್ಟಾದರೂ ಸಾಲದಿದ್ದರೆ, ಅಡಗುತಾಣಗಳಲ್ಲಿ ಒಂದರೊಳಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ. ಕಣ್ಣು ನೀಲಿಯಾದ ದಿನಗಳಲ್ಲಿ ಹಾವು ತಾನೇ ಹುಡುಕಿಕೊಂಡು ಹೋಗಿ ಅದರೊಳಗೆ ಕೂರುತ್ತದೆ.

ಹಾಸು ದಪ್ಪವಾದಾಗ ಮರೆಯಬಾರದ ಒಂದು ವಿಷಯ ಬಿಸಿಯದು. ನಿಮ್ಮ ಪೆಟ್ಟಿಗೆಯ ಅಡಿಗೆ ಅಂಟಿಸುವ ಹೀಟ್ ಮ್ಯಾಟ್ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಏಳೂವರೆ ಸೆಂ.ಮೀ. ಹಾಸು ಅದರ ಮೇಲೆ ಕಂಬಳಿ ಹೊದಿಸಿದಂತೆ. ಮೇಲೆ ಬಿಸಿ ತಲುಪುವುದಿಲ್ಲ, ತಳದ ಗಾಜು ಮಾತ್ರ ಕಾದು ಕೆಂಡವಾಗುತ್ತದೆ. ಬಿಸಿ ಹುಡುಕುತ್ತ ಹಾವು ಹಾಸನ್ನು ಕೊರೆದು ತಳಕ್ಕಿಳಿದು ಹೊಟ್ಟೆ ಸುಟ್ಟುಕೊಳ್ಳುತ್ತದೆ. ದಪ್ಪ ಹಾಸಿಗೆ ಮೇಲಿನಿಂದ ಬಿಸಿ ಕೊಡುವ ದೀಪ ಅಥವಾ ಸೆರಾಮಿಕ್ ಹೀಟರ್ ಒಳ್ಳೆಯದು. ಯಾವುದೇ ಆಗಲಿ ಥರ್ಮೋಸ್ಟ್ಯಾಟ್ ಕಡ್ಡಾಯ. ಬಿಸಿ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಅಂದರೆ ನಿಮ್ಮ ಮಾಪಕದಲ್ಲಿ 88ರಿಂದ 91 ಫ್ಯಾರನ್‌ಹೀಟ್. ತಂಪು ಬದಿ 25ರಿಂದ 27 ಸೆಲ್ಸಿಯಸ್.

ಸೀಡರ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಅದರ ಪರಿಮಳ ನಮಗೆ ಹಿತ. ಶ್ರೀಗಂಧ, ದೇವದಾರು ನೋಡಿ ಬೆಳೆದ ನಮಗೆ ಸುವಾಸನೆಯ ಮರ ಎಂದರೆ ಒಳ್ಳೆಯ ಮರ. ಅಮೆರಿಕದಲ್ಲಿ ಸೀಡರ್ ಎಂದು ಚೀಲದಲ್ಲಿ ಬರುವುದು ನಮ್ಮ ದೇವದಾರು ಅಲ್ಲ, ಹೆಚ್ಚಾಗಿ ಜುನಿಪರ್ ಕುಲದ ಅಥವಾ ಥೂಜಾ ಕುಲದ ಮರ. ಬಟ್ಟೆಯ ಪೆಟ್ಟಿಗೆಗೆ ಅದನ್ನು ಬಳಸುವುದೇ ಹುಳು ಹತ್ತದಿರಲಿ ಎಂದು. ಹುಳುವನ್ನು ಓಡಿಸುವ ಎಣ್ಣೆ ಮುಚ್ಚಿದ ಪೆಟ್ಟಿಗೆಯಲ್ಲಿ ದಿನವಿಡೀ ಹಾವಿನ ಮೂಗಿನಡಿ ಆವಿಯಾಗುತ್ತಿರುತ್ತದೆ. 1967ರಲ್ಲೇ ಪ್ರಯೋಗಾಲಯದ ಇಲಿಗಳಲ್ಲಿ ಕಂಡುಬಂದ ಸಂಗತಿಯೊಂದಿದೆ. ಸೀಡರ್, ಪೈನ್‌ನಂಥ ಮೆದುಮರದ ಹಾಸಿನ ಮೇಲಿಟ್ಟ ಇಲಿಗಳ ಯಕೃತ್ತಿನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳು ಏರಿಬಿಟ್ಟವು, ನಿದ್ರೆಯ ಮದ್ದು ಕೊಟ್ಟರೆ ಬೇಗ ಎಚ್ಚರಗೊಂಡವು. ಬರೀ ಹಾಸಿನ ಮೇಲೆ ಬದುಕಿದ್ದಕ್ಕೆ ಯಕೃತ್ತು ಹೀಗೆ ದುಡಿಯಬೇಕಾಯಿತು. ಮರದ ಕಾರ್ಖಾನೆಗಳಲ್ಲಿ ಪಶ್ಚಿಮದ ಕೆಂಪು ಸೀಡರ್ ಕೊಯ್ಯುವವರಿಗೆ ಅದರ ದೂಳಿನ ಪ್ಲಿಕ್ಯಾಟಿಕ್ ಆಮ್ಲದಿಂದ ಉಬ್ಬಸ ಬರುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ.

ಹಾವಿನ ಮಾತೇ ಬೇಕೆಂದರೆ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಕಥೆಗೆ ಬರಬೇಕು. ಎರಡನೇ ಮಹಾಯುದ್ಧದ ನಂತರ ಸರಕಿನ ಜೊತೆ ಬಂದಿಳಿದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳನ್ನು ಬಹುತೇಕ ಮುಗಿಸಿಬಿಟ್ಟಿತು. ಆ ಹಾವುಗಳನ್ನು ಸರಕಿನ ಸಂದಿಗಳಿಂದ ಹೊರಡಿಸಲು ಏನು ಸಿಂಪಡಿಸಬಹುದೆಂದು ಹುಡುಕಿದವರು 2002ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸೀಡರ್ ಎಣ್ಣೆಯೂ ಇತ್ತು, ದಾಲ್ಚಿನ್ನಿ ಎಣ್ಣೆಯೂ ಇತ್ತು. ಎರಡು ಸೆಕೆಂಡು ಸಿಂಪಡಿಸಿದ್ದಕ್ಕೇ ಹಾವುಗಳು ದಿಕ್ಕುತಪ್ಪಿ ಬಹಳ ಹೊತ್ತು ಹೊರಳಾಡಿದವು. ಹಾವು ಜಗತ್ತನ್ನು ತಿಳಿಯುವುದೇ ನಾಲಿಗೆ ಚಾಚಿ ಗಾಳಿಯ ಕಣಗಳನ್ನು ಹಿಡಿದು ಅಂಗುಳಿನ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುವುದರಿಂದ. ಓಡಿಸಲು ಬಳಸುವ ವಸ್ತುವನ್ನು ಓಡಿಹೋಗಲಾಗದ ಪೆಟ್ಟಿಗೆಯಲ್ಲಿ ಹಾಸುವುದು ಬೇಡ. ವಾಸನೆಯ ಚಿಂತೆಗೆ ಪರಿಹಾರ ಬೇರೆ ಇದೆ. ಹಿಕ್ಕೆ ಕಂಡ ಕೂಡಲೇ ಸುತ್ತಲ ಒಂದು ಬೊಗಸೆ ಹಾಸಿನ ಸಮೇತ ತೆಗೆದರೆ ಬಾಲ್ ಪೈಥಾನಿನ ಪೆಟ್ಟಿಗೆ ನಾರುವುದಿಲ್ಲ. ನಾರುತ್ತಿದ್ದರೆ ಎಲ್ಲೋ ಏನೋ ಕೊಳೆಯುತ್ತಿದೆ ಎಂದರ್ಥ. ಆ ಸುಳಿವನ್ನು ಪರಿಮಳ ಹಾಕಿ ಮುಚ್ಚಬಾರದು.

ಇದೇ ಕಾರಣಕ್ಕೆ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಅಗರಬತ್ತಿ, ಧೂಪ, ಕರ್ಪೂರ ಸಾಮಾನ್ಯ. ಹಾವಿನ ಕೋಣೆ ದೇವರ ಕೋಣೆಯ ಪಕ್ಕದಲ್ಲಿದ್ದರೆ ಜಾಗ ಬದಲಿಸಿ. ಹುಳು ಬಾರದಿರಲಿ ಎಂದು ಹಾಸಿನಲ್ಲಿ ನುಸಿಗುಳಿಗೆ, ಬೇವಿನೆಣ್ಣೆ ಬೆರೆಸುವುದೂ ಬೇಡ. ಪೆಟ್ಟಿಗೆ ತೊಳೆಯಲು ಫಿನಾಯಿಲ್ ಅಥವಾ ಆ ಜಾತಿಯ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಯಾವ ಕ್ರಿಮಿನಾಶಕವೂ ಬೇಡ, ಫಿನಾಲ್‌ಗಳು ಹಾವಿಗೆ ವಿಷ. ಕ್ಲೋರ್‌ಹೆಕ್ಸಿಡಿನ್ ದ್ರಾವಣ ಸಾಕು. ತೊಳೆದು, ಪೂರ್ತಿ ಒಣಗಿಸಿ, ವಾಸನೆ ಹೋದ ಮೇಲೆ ಹೊಸ ಹಾಸು ಹಾಕಿ. ತೆಂಗಿನ ಹಾಸನ್ನು ದಿನದಿನ ಹೆಕ್ಕಿ ಸ್ವಚ್ಛ ಮಾಡುತ್ತಿದ್ದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಪೂರ್ತಿ ಬದಲಿಸಿದರೆ ನಡೆಯುತ್ತದೆ. ಹಳೆಯದನ್ನು ತರಕಾರಿ ಗಿಡಗಳಿಗೆ ಹಾಕಬೇಡಿ, ಹೂವಿನ ಗಿಡಕ್ಕೆ ಹಾಕಿ.

ಉಳಿದವುಗಳನ್ನು ಬೇಗ ಮುಗಿಸುತ್ತೇನೆ. ಪೈನ್‌ನಲ್ಲೂ ಸೀಡರ್‌ನ ದೋಷ ಸ್ವಲ್ಪ ಮಟ್ಟಿಗೆ ಇದೆ. ಗೂಡೊಲೆಯಲ್ಲಿ ಒಣಗಿಸಿದ್ದಾದರೆ ಎಣ್ಣೆ ಕಡಿಮೆ, ಆದರೂ ಬೇರೆ ಆಯ್ಕೆ ಇರುವಾಗ ನಾನು ಅದನ್ನು ಸೂಚಿಸುವುದಿಲ್ಲ. ಸೈಪ್ರೆಸ್ ತೊಗಟೆಯ ಚೂರು ಅಮೆರಿಕದಲ್ಲಿ ಬಾಲ್ ಪೈಥಾನ್ ಸಾಕುವವರು ಬಹಳ ಇಷ್ಟಪಡುವ ಹಾಸು, ತೇವ ಚೆನ್ನಾಗಿ ಹಿಡಿಯುತ್ತದೆ, ಬೂಷ್ಟು ಬೇಗ ಹತ್ತುವುದಿಲ್ಲ. ಆದರೆ ಲೂಯಿಸಿಯಾನಾ, ಫ್ಲಾರಿಡಾಗಳ ಜೌಗುಕಾಡಿನ ಸೈಪ್ರೆಸ್ ಮರಗಳನ್ನು ಇಂಥ ಚೂರಿಗಾಗಿ ಕಡಿಯುತ್ತಾರೆಂಬ ಕಳವಳ ಅಲ್ಲಿದೆ. ತೆಂಗಿನ ಸಿಪ್ಪೆ ಹೇಗೂ ಉಳಿಯುವ ವಸ್ತು, ಹಾಗಾಗಿ ನನ್ನ ಮನಸ್ಸು ಅತ್ತ ವಾಲುತ್ತದೆ. ಮರಳು ಬೇಡ. ಹುರುಪೆಯ ಸಂದಿಗೆ, ಬಾಯಿಗೆ ಸೇರುತ್ತದೆ, ನುಂಗಿದರೆ ಕರುಳಲ್ಲಿ ಗಟ್ಟಿಯಾಗುತ್ತದೆ. ಅಕ್ರೋಟಿನ ಚಿಪ್ಪಿನ ಪುಡಿಯ ಅಂಚು ಹರಿತ. ಜೋಳದ ದಿಂಡಿನ ಚೂರು ನೀರು ತಾಗಿದರೆ ಊದಿಕೊಂಡು ಬೂಷ್ಟು ಹಿಡಿಯುತ್ತದೆ. ಭತ್ತದ ಹೊಟ್ಟು ಹಾಕಬಹುದೇ ಎಂದು ಊರಿನ ಕಡೆಯವರು ಕೇಳುತ್ತಾರೆ. ಅದು ಗಟ್ಟಿ, ಚೂಪು, ದೂಳು ಹೆಚ್ಚು, ಬೇಡ. ಅಂಗಡಿಯಲ್ಲಿ ಸಿಗುವ ಹಸಿರು ಕಾರ್ಪೆಟ್ಟಿನ ಎಳೆಗಳಲ್ಲಿ ಕೊಳೆ ಕೂತರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಕಾಗದವನ್ನು ಮಾತ್ರ ಯಾರೂ ಕಡೆಗಣಿಸಬಾರದು. ಅದು ಬಡವರ ಹಾಸಲ್ಲ, ವೈದ್ಯರ ಹಾಸು. ಮಗನ ಕಾರ್ನ್ ಸ್ನೇಕ್ ಮನೆಗೆ ಬಂದ ದಿನದಿಂದ ಎರಡರಿಂದ ಮೂರು ತಿಂಗಳು ಬೇರೆ ಕೋಣೆಯಲ್ಲಿ ಬಿಳಿ ಅಡುಗೆಮನೆ ಕಾಗದದ ಮೇಲೆಯೇ ಇರಲಿ. ಹಿಕ್ಕೆ ಹೇಗಿದೆ, ರಕ್ತ ಇದೆಯೇ, ತಿಂದದ್ದನ್ನು ಕಕ್ಕಿದೆಯೇ, ಎಲ್ಲ ಬಿಳಿ ಕಾಗದದ ಮೇಲೆ ತಕ್ಷಣ ಕಾಣುತ್ತದೆ. ಮುಖ್ಯವಾಗಿ ಹಾವಿನ ನುಸಿ. ಎಳ್ಳಿಗಿಂತ ಸಣ್ಣದಾದ ಈ ಕರಿಚುಕ್ಕೆಗಳು ಹುರುಪೆಗಳ ಸಂದಿಯಲ್ಲಿ, ಕಣ್ಣಿನ ಅಂಚಿನಲ್ಲಿ ಕೂತು ರಕ್ತ ಹೀರುತ್ತವೆ, ನೀರಿನ ಬಟ್ಟಲಲ್ಲಿ ಮುಳುಗಿ ಸತ್ತು ತಳದಲ್ಲಿ ಕಾಣುತ್ತವೆ. ಕಂದು ತೆಂಗಿನ ಪುಡಿಯಲ್ಲಿ ಇವನ್ನು ಗುರುತಿಸುವುದು ಅಸಾಧ್ಯ. ಮೊಟ್ಟೆಯಿಟ್ಟು ಹೆಚ್ಚಿದ ಮೇಲೆ ಮಗಳ ಹಾವಿಗೂ ಹತ್ತುತ್ತವೆ, ಆಗ ಎರಡೂ ಪೆಟ್ಟಿಗೆಗಳನ್ನು ಬರಿದು ಮಾಡಬೇಕಾಗುತ್ತದೆ. ಆ ಎರಡು ಮೂರು ತಿಂಗಳೂ ಮೊದಲು ಮಗಳ ಹಾವಿನ ಕೆಲಸ ಮುಗಿಸಿ ಆಮೇಲೆ ಹೊಸ ಹಾವಿನ ಕೋಣೆಗೆ ಹೋಗಿ, ಉಲ್ಟಾ ಬೇಡ. ಮೈಯಲ್ಲಿ ಗಾಯವಿರುವ, ಶಸ್ತ್ರಚಿಕಿತ್ಸೆಯಾದ ಹಾವಿಗೂ ಕಾಗದವೇ ಸರಿ. ಕಾಗದದ ಮೇಲಿದ್ದರೂ ಅಡಗಲು ಎರಡು ಗೂಡು ಇರಲೇಬೇಕು, ಬರೀ ಬಯಲಲ್ಲಿ ಹಾವು ನೆಮ್ಮದಿಯಿಂದ ಇರುವುದಿಲ್ಲ, ಉಣ್ಣುವುದೂ ಇಲ್ಲ.

ಆ ಅವಧಿ ಮುಗಿದ ಮೇಲೆ ಕಾರ್ನ್ ಸ್ನೇಕ್‌ಗೆ ನಿಮ್ಮ ಆಸ್ಪೆನ್ ಹಾಕಿ. ಈ ಹಾವು ಅಮೆರಿಕದ ಆಗ್ನೇಯ ರಾಜ್ಯಗಳದ್ದು, ಕಾಡಿನಂಚು, ಹಳೆಯ ಕೊಟ್ಟಿಗೆ, ಬಿದ್ದ ಮರದಡಿಗಳಲ್ಲಿ ಓಡಾಡುವಂಥದ್ದು. ಶೇ. 40ರಿಂದ 60ರ ಆರ್ದ್ರತೆ ಅದಕ್ಕೆ ಸಾಕು. ಆಸ್ಪೆನ್‌ನಲ್ಲಿ ಸೀಡರ್‌ನಂಥ ಕಟುವಾದ ಎಣ್ಣೆ ಇಲ್ಲ. ಬಡಗಿಯ ಉಜ್ಜುಗೊರಡಿನಿಂದ ಸುರುಳಿಯಾಗಿ ಬೀಳುವ ಸಿಪ್ಪೆಯಂತೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಹಾವು ಕೊರೆದ ಸುರಂಗ ಕುಸಿಯದೆ ನಿಲ್ಲುತ್ತದೆ. ಹತ್ತು ಸೆಂ.ಮೀ. ದಪ್ಪ ಹಾಕಿ ನೋಡಿ, ಕೆಲವೇ ದಿನಗಳಲ್ಲಿ ಅದು ಒಳಗೊಳಗೇ ದಾರಿಗಳನ್ನು ಮಾಡಿಕೊಳ್ಳುತ್ತದೆ, ಒಂದು ತೂತಿನಿಂದ ಮೂತಿ ಮಾತ್ರ ಹೊರಗಿಟ್ಟು ನೋಡುತ್ತ ಕೂರುತ್ತದೆ. ಹುಡುಗನಿಗೆ ಅದಕ್ಕಿಂತ ಚೆಂದದ ನೋಟ ಬೇರೆ ಇರಲಾರದು. ಒಂದೇ ಎಚ್ಚರ, ಆಸ್ಪೆನ್ ತೊಯ್ದರೆ ಒಂದೆರಡು ದಿನದಲ್ಲಿ ಬೂಷ್ಟು. ನೀರಿನ ಬಟ್ಟಲು ಭಾರವಾಗಿರಲಿ, ಮಗುಚಿದರೆ ಆ ಭಾಗವನ್ನು ಅಂದೇ ತೆಗೆಯಿರಿ. ಪೊರೆಯ ಸಮಯಕ್ಕೆ ಪಾಚಿ ತುಂಬಿದ ಒಂದು ಡಬ್ಬಿ ಇಟ್ಟರೆ ಸಾಕು.

ಎರಡೂ ಹಾವುಗಳಿಗೆ ಊಟ ಕೊಡುವಾಗ ಕರಗಿಸಿದ ಇಲಿಯನ್ನು ಒರೆಸಿ ಒಣಗಿಸಿ, ಇಕ್ಕಳದಲ್ಲಿ ಹಿಡಿದು ಕೊಡಿ, ಕೆಳಗೊಂದು ತಟ್ಟೆ ಇರಲಿ. ಒದ್ದೆ ಇಲಿಗೆ ಹಾಸು ಮೆತ್ತಿಕೊಂಡು ಒಸಡಿಗೆ ಸಿಕ್ಕಿಕೊಂಡರೆ ಬಾಯಿಹುಣ್ಣಿಗೆ ದಾರಿ. ಒಂದೆರಡು ಚೂರು ನುಂಗಿದರೆ ಗಾಬರಿಯಾಗಬೇಡಿ, ಬೆಚ್ಚಗಿದ್ದು ನೀರು ಕುಡಿಯುವ ಹಾವು ಅದನ್ನು ಹೊರಹಾಕುತ್ತದೆ.

ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದಾರೆ, ಆದ್ದರಿಂದ ಇದನ್ನು ಹೇಳಲೇಬೇಕು. ಆರೋಗ್ಯವಾಗಿರುವ ಹಾವಿನ ಹಿಕ್ಕೆಯಲ್ಲೂ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹಾಸನ್ನು ಮುಟ್ಟದಿರುವುದು ಒಳ್ಳೆಯದು. ತೆಂಗಿನ ಪುಡಿಯ ಹದವನ್ನು ಅತ್ತೆಯವರು ನೋಡುವುದಾದರೆ ಹೊಸ ಪುಡಿಯಲ್ಲಿ ನೋಡಲಿ, ಹಾವಿನ ಪೆಟ್ಟಿಗೆಯೊಳಗೆ ಕೈ ಹಾಕುವುದು ಬೇಡ. ಹಾವಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮಕ್ಕಳು ಪ್ರತಿ ಸಲ ಸೋಪಿನಿಂದ ಕೈ ತೊಳೆಯಲಿ.

ಇದನ್ನು ಕರ್ನಾಟಕದಲ್ಲಿದ್ದು ಓದುತ್ತಿರುವವರಿಗೆ ಒಂದು ಮಾತು. ನಮ್ಮ ನೆಲದ ಹಾವುಗಳನ್ನು, ಕೇರೆಯಾಗಲಿ, ಎರಡು ತಲೆ ಹಾವೆಂದು ಕರೆಯುವ ಮಣ್ಣುಮುಕ್ಕನಾಗಲಿ, ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾವ ಹಾಸು ಹಾಕಿದರೂ ಅದು ಸರಿಯಾಗುವುದಿಲ್ಲ. ಬಾಲ್ ಪೈಥಾನಿನಂಥ ವಿದೇಶಿ ಹಾವು ಇದ್ದವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹಾಗೆ ನೋಂದಾಯಿಸಿ ಸಾಕುತ್ತಿರುವವರು ಮಂಗಳೂರು, ಕಾರವಾರದ ಕಡೆಯಿದ್ದರೆ ಮೇಲಿನ ನೀರಿನ ಲೆಕ್ಕ ಮಳೆಗಾಲದಲ್ಲಿ ನಿಮಗಲ್ಲ. ಅಲ್ಲಿ ಜೂನ್‌ನಿಂದ ಗಾಳಿಯೇ ತೊಟ್ಟಿಕ್ಕುತ್ತಿರುತ್ತದೆ. ಪುಡಿ ಬಿಟ್ಟು ಒಣ ಚೂರು ಅಥವಾ ಕಾಗದ ಹಾಕಿ, ಮುಚ್ಚಳದ ಜಾಲರಿ ತೆರೆದೇ ಇಡಿ. ಹುತ್ತದೊಳಗಿನ ಹದವೇ ಗುರಿ, ಡಲ್ಲಾಸಿನವರು ಒಣ ಕಡೆಯಿಂದ ಅಲ್ಲಿಗೆ ಬರಬೇಕು, ಕರಾವಳಿಯವರು ಒದ್ದೆ ಕಡೆಯಿಂದ.

ಹಾಸು ಬದಲಿಸಿದ ಮೇಲೆ ಮೊದಲ ವಾರ ದಿನಕ್ಕೆರಡು ಸಲ ಮಾಪಕದ ಅಂಕಿ ಬರೆದಿಡುವ ಕೆಲಸ ಮಗಳಿಗೆ ಕೊಡಿ. ನಿಮ್ಮ ಮನೆಯ ಗಾಳಿಗೆ ಎಷ್ಟು ದಿನಕ್ಕೊಮ್ಮೆ ಎಷ್ಟು ನೀರು ಬೇಕೆಂದು ಆ ಪುಸ್ತಕವೇ ಹೇಳುತ್ತದೆ. ಎಳೆಯ ಹಾವು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಪೊರೆ ಬಿಡುತ್ತದೆ. ಬಿಟ್ಟ ಪೊರೆಯನ್ನು ಎಸೆಯುವ ಮೊದಲು ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಎರಡೂ ಕಣ್ಣಿನ ಜಾಗದಲ್ಲಿ ಗುಂಡಗಿನ, ಗಾಜಿನಂಥ ಪದರ ಇರಬೇಕು, ಬಾಲದ ತುದಿ ಪೂರ್ತಿಯಾಗಿರಬೇಕು. ಕಣ್ಣಿನ ಜಾಗದಲ್ಲಿ ತೂತಿದ್ದರೆ ಆ ಪೊರೆಯನ್ನೂ ಜೊತೆಗೆ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ. ಉಸಿರಾಡುವಾಗ ಸಿಳ್ಳೆಯ ಸದ್ದು, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದುಕೊಂಡೇ ಇರುವುದು, ಹೊಟ್ಟೆಯ ಹುರುಪೆ ಕೆಂಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ಪೊರೆಗೆ ಕಾಯಬೇಡಿ, ಅಂದೇ ಹೊರಡಿ.